ಆಗಸ್ಟ್ ತಿಂಗಳ ವೋಟು: ಗರ್ಭಪಾತದ ಕಾನೂನು ಅಮೆರಿಕದ ಎಲೆಕ್ಷನ್‌ನ ಎಷ್ಟು ಅಲ್ಲಾಡಿಸುತ್ತೆ?

ಅಮೆರಿಕದಲ್ಲಿ ಆಗಸ್ಟ್ ಅಂದ್ರೆ ಸುಡು ಬಿಸಿಲು, ಮಕ್ಕಳಿಗೆ ರಜೆ, ಮನೆಮಂದಿಯೆಲ್ಲ ಕಾರ್ ತಗೊಂಡು ಎಲ್ಲಾದ್ರೂ ಹೊರಟಿರೋ ಕಾಲ. ಆ ತಿಂಗಳಲ್ಲಿ ಎಲೆಕ್ಷನ್ ಇಟ್ರೆ ಬೂತ್ ಕಡೆ ಬರೋರು ಪಕ್ಷದ ಕಟ್ಟಾ ಬೆಂಬಲಿಗರು ಮತ್ತೆ ಒಂದು ವೋಟೂ ತಪ್ಪಿಸದ ಹಿರಿಯರು, ಹೆಚ್ಚುಕಮ್ಮಿ ಅಷ್ಟೇ. ಇದು ಅಲ್ಲಿನ ರಾಜಕಾರಣಿಗಳಿಗೆ ಬಾಯಿಪಾಠ ಆಗಿರೋ ಲೆಕ್ಕ. ಕ್ಯಾನ್ಸಸ್ ರಾಜ್ಯದ ಶಾಸಕರು ತಮ್ಮ ರಾಜ್ಯದ ಸಂವಿಧಾನದಲ್ಲಿ ಗರ್ಭಪಾತದ ಹಕ್ಕು ಇಲ್ಲ ಅಂತ ಸೇರಿಸೋ ತಿದ್ದುಪಡಿನ ಜನರ ಮುಂದೆ ಇಡೋವಾಗ ನವೆಂಬರ್ ಬಿಟ್ಟು 2022ರ ಆಗಸ್ಟ್ 2ನೇ ತಾರೀಖನ್ನ ಆರಿಸ್ಕೊಂಡ್ರು. ಅವತ್ತು ಪ್ರೈಮರಿ, ಅಂದ್ರೆ ಪಕ್ಷಗಳು ತಮ್ಮ ಅಭ್ಯರ್ಥಿನ ಆರಿಸೋ ದಿನ, ಯಾವ ಪಕ್ಷಕ್ಕೂ ಸೇರದ ವೋಟರ್‌ಗಳಿಗೆ ಅಲ್ಲಿ ಕೆಲಸಾನೇ ಇರಲ್ಲ, ಹಾಗಾಗಿ ಅವರು ಬರೋ ರೂಢಿನೂ ಇಲ್ಲ.

ಆದ್ರೆ ಅವತ್ತು ಬಂದ್ರು. ರಾಜ್ಯದ ಚುನಾವಣೆ ನೋಡ್ಕೊಳ್ಳೋ ಸೆಕ್ರೆಟರಿ ಆಫ್ ಸ್ಟೇಟ್ ಸ್ಕಾಟ್ ಶ್ವಾಬ್ ನೂರಕ್ಕೆ 36ರಷ್ಟು ಮತದಾನ ಆಗಬಹುದು ಅಂದಿದ್ರು, ಬಂದಿದ್ದು ನೋಂದಾಯಿತ ಮತದಾರರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ, 9 ಲಕ್ಷ ದಾಟ್ತು. ತಿದ್ದುಪಡಿ 59ಕ್ಕೆ 41ರ ಅಂತರದಲ್ಲಿ ಬಿದ್ದುಹೋಯ್ತು. ಅದೂ 2020ರಲ್ಲಿ ಟ್ರಂಪ್ ಸುಮಾರು 15 ಪಾಯಿಂಟ್ ಅಂತರದಿಂದ ಗೆದ್ದಿದ್ದ ರಾಜ್ಯದಲ್ಲಿ! ಆಮೇಲಿಂದ ಎಲ್ಲೆಲ್ಲೂ ಒಂದೇ ಮಾತು, ಗರ್ಭಪಾತ ಬ್ಯಾನ್ ಮಾಡಿದ ಪಕ್ಷಕ್ಕೆ, ಅಂದ್ರೆ ಟ್ರಂಪ್‌ರ ರಿಪಬ್ಲಿಕನ್ ಪಕ್ಷಕ್ಕೆ, ಹೆಂಗಸರು ಬುದ್ಧಿ ಕಲಿಸ್ತಾರೆ ಅಂತ. ಈ ಮಾತು ಅರ್ಧ ನಿಜ, ಇನ್ನರ್ಧ ನಿಜ ಅಲ್ಲ ಅನ್ನೋದು ನನ್ನ ಅಭಿಪ್ರಾಯ, ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 1973ರ ರೋ ವರ್ಸಸ್ ವೇಡ್ ತೀರ್ಪು ಗರ್ಭಪಾತನ ಇಡೀ ದೇಶದಲ್ಲಿ ಸಂವಿಧಾನದ ಹಕ್ಕು ಅಂತ ಮಾಡಿತ್ತು. 49 ವರ್ಷ ಆದ್ಮೇಲೆ, 2022ರ ಜೂನ್ 24ಕ್ಕೆ, ಡಾಬ್ಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕಿ ಆಯಾ ರಾಜ್ಯದವರು ತೀರ್ಮಾನ ಮಾಡ್ಕೊಳ್ಳಲಿ ಅಂತು. ಅಲ್ಲಿಂದ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು, ಸುಮಾರು ಒಂದು ಡಜನ್ ರಾಜ್ಯಗಳಲ್ಲಿ ಪೂರ್ತಿ ನಿಷೇಧದಂಥದ್ದು, ಇನ್ನು ಕೆಲವು ಕಡೆ ಆರು ವಾರದ ಗಡುವು. ಆರು ವಾರ ಅಂದ್ರೆ ಎಷ್ಟೋ ಜನಕ್ಕೆ ಪೀರಿಯಡ್ಸ್ ಲೇಟಾಗಿದೆ ಅಂತ ಅನುಮಾನ ಬಂದು ಕಿಟ್ ತಂದು ನೋಡೋ ಹೊತ್ತಿಗೆ ಮುಗಿದೇ ಹೋಗಿರುತ್ತೆ.

ಆ ತೀರ್ಪು ಬರೆದ ಜಸ್ಟೀಸ್ ಸ್ಯಾಮುಯೆಲ್ ಅಲಿಟೊ ಅದರೊಳಗೇ ಮತದಾನದ ಲೆಕ್ಕ ಹಾಕಿದಾರೆ, ಇದು ತುಂಬಾ ಜನ ಗಮನಿಸದ ಸಂಗತಿ. ಹೆಂಗಸರಿಗೆ ರಾಜಕೀಯ ಶಕ್ತಿ ಇಲ್ಲದೇ ಇಲ್ಲ, ಅವರು ಗಂಡಸರಿಗಿಂತ ಹೆಚ್ಚು ಪ್ರಮಾಣದಲ್ಲಿ ವೋಟ್ ಹಾಕ್ತಾರೆ, ಮಿಸಿಸಿಪ್ಪಿ ರಾಜ್ಯದ ಜನಸಂಖ್ಯೆಯಲ್ಲಿ ಅವರು ಸುಮಾರು 51.5 ಪರ್ಸೆಂಟ್ ಇದ್ರೂ 2020ರ ನವೆಂಬರ್‌ನಲ್ಲಿ ವೋಟ್ ಹಾಕಿದವರಲ್ಲಿ 55.5 ಪರ್ಸೆಂಟ್ ಇದ್ರು, ಅನ್ನೋದು ಅವರ ವಾದ. ಕೋರ್ಟ್ ಬೇಡ, ಮತಪೆಟ್ಟಿಗೆಗೆ ಹೋಗಿ ಅಂತ. ಸರಿ, ಹೋದ್ರು. ಹೋದಲ್ಲಿ ಏನಾಯ್ತು, ಹೋಗೋಕೆ ದಾರಿನೇ ಇಲ್ಲದ ಕಡೆ ಏನಾಯ್ತು ಅನ್ನೋದೇ ಕಥೆ.

ಮೊದಲು ಜನ ಯಾಕೆ ಬಂದ್ರು ನೋಡಿ. ರೋ ತೀರ್ಪು ಇರೋವರೆಗೆ ಈ ಒಂದೇ ವಿಷಯಕ್ಕೆ ವೋಟ್ ಹಾಕ್ತಿದ್ದೋರು ಹೆಚ್ಚಾಗಿ ಗರ್ಭಪಾತದ ವಿರೋಧಿಗಳು, ಅವರಿಗೆ ಗೆಲ್ಲಬೇಕಾಗಿತ್ತು, ಹಕ್ಕು ಇದ್ದವರಿಗೆ ಅದು ಇದ್ದೇ ಇದೆ ಅನ್ನೋ ಧೈರ್ಯ. ಕೈಯಲ್ಲಿದ್ದದ್ದು ಹೋದ ದಿನ ಲೆಕ್ಕ ತಿರುಗ್ತು. ಇಲ್ಲದ್ದು ಬೇಕು ಅಂತ ಬೀದಿಗಿಳಿಯೋದಕ್ಕಿಂತ ಇದ್ದದ್ದನ್ನ ಕಿತ್ಕೊಂಡ್ರು ಅಂತ ಇಳಿಯೋ ಜನ ಜಾಸ್ತಿ, ಇದು ಎಲ್ಲಾ ಊರಲ್ಲೂ ಹಾಗೇ. ವೋಟರ್ ಪಟ್ಟಿಗಳನ್ನ ವಿಶ್ಲೇಷಣೆ ಮಾಡೋ ಟಾರ್ಗೆಟ್‌ಸ್ಮಾರ್ಟ್ ಸಂಸ್ಥೆಯ ಟಾಮ್ ಬೊನಿಯರ್ ಕ್ಯಾನ್ಸಸ್ ಪಟ್ಟಿ ನೋಡಿದಾಗ ಡಾಬ್ಸ್ ಆದ್ಮೇಲೆ ಹೊಸದಾಗಿ ಹೆಸರು ಸೇರಿಸಿದವರಲ್ಲಿ ಸುಮಾರು 70 ಪರ್ಸೆಂಟ್ ಹೆಂಗಸರು ಇದ್ರು. ಆದ್ರೆ ಹೊಸ ವೋಟರ್‌ಗಳಿಂದ ಮಾತ್ರ 59 ಪರ್ಸೆಂಟ್ ಬರಲ್ಲ, ರಿಪಬ್ಲಿಕನ್ನರಲ್ಲೂ ಒಂದು ಭಾಗ ಬೇಡ ಅಂತ ಒತ್ತಿದಾರೆ. ಅದಕ್ಕೆ ಕಾರಣ ಪ್ರಚಾರದ ಭಾಷೆ ಅಂತ ನನಗನ್ಸುತ್ತೆ. ಬೇಡ ಅನ್ನೋ ಕಡೆಯವರ ಜಾಹೀರಾತುಗಳು ಸರ್ಕಾರ ನಿಮ್ಮ ಖಾಸಗಿ ವಿಷಯದಲ್ಲಿ ಕೈ ಹಾಕ್ತಿದೆ ಅಂತ ಹೇಳಿದ್ವು, ಕೋವಿಡ್ ಟೈಮ್‌ನಲ್ಲಿ ಮಾಸ್ಕ್ ಕಡ್ಡಾಯ ಅಂದಾಗ ಸಿಟ್ಟಾಗಿದ್ದ ಜನಕ್ಕೂ ಅರ್ಥ ಆಗೋ ಮಾತಲ್ಲಿ ಹೇಳಿದ್ವು. ಸರ್ಕಾರದ ಹಸ್ತಕ್ಷೇಪ ಅಂದ್ರೆ ಉರಿದುಬೀಳೋ ರೈತಾಪಿ ರಾಜ್ಯದಲ್ಲಿ ಅದು ಸರಿಯಾದ ಜಾಗಕ್ಕೇ ತಾಕ್ತು.

ಮುಂದಿನ ವರ್ಷ ಒಹಾಯೊ. ಇದನ್ನ ನಾನು ಸ್ವಲ್ಪ ಹತ್ತಿರದಿಂದ ನೋಡಿದೀನಿ, ಯಾಕಂದ್ರೆ ನನ್ನ ಚಿಕ್ಕಮ್ಮನ ಮಗಳು ಕೊಲಂಬಸ್ ಪಕ್ಕದ ಡಬ್ಲಿನ್ ಅನ್ನೋ ಊರಲ್ಲಿದಾಳೆ, ಸಿಟಿಜನ್ ಆಗಿದಾಳೆ, ಅಲ್ಲಿವರೆಗೆ ಪ್ರೆಸಿಡೆಂಟ್ ಎಲೆಕ್ಷನ್ ಬಿಟ್ಟು ಬೇರೆ ಯಾವುದಕ್ಕೂ ವೋಟ್ ಹಾಕಿದವಳಲ್ಲ. ಒಹಾಯೊದಲ್ಲಿ 1912ರಿಂದ ಜನರೇ ಸಹಿ ಸಂಗ್ರಹ ಮಾಡಿ ಸಂವಿಧಾನ ತಿದ್ದುಪಡಿನ ಮತಕ್ಕೆ ತರಬಹುದು, ಅರ್ಧಕ್ಕಿಂತ ಒಂದು ವೋಟ್ ಹೆಚ್ಚು ಬಂದ್ರೂ ಪಾಸ್. 2023ರ ನವೆಂಬರ್‌ಗೆ ಗರ್ಭಪಾತದ ಹಕ್ಕಿನ ತಿದ್ದುಪಡಿ ಬರುತ್ತೆ ಅಂತ ಗೊತ್ತಾದಾಗ ರಾಜ್ಯದ ರಿಪಬ್ಲಿಕನ್ ಶಾಸಕರು ಏನ್ ಮಾಡಿದ್ರು ಅಂದ್ರೆ, ಅದಕ್ಕೂ ಮುಂಚೆ ಆಗಸ್ಟ್ 8ಕ್ಕೆ ಒಂದು ಸ್ಪೆಷಲ್ ಎಲೆಕ್ಷನ್ ಇಟ್ಟು, ಇನ್ಮುಂದೆ ತಿದ್ದುಪಡಿ ಪಾಸಾಗೋಕೆ 60 ಪರ್ಸೆಂಟ್ ಬೇಕು ಅನ್ನೋ ಪ್ರಸ್ತಾಪ ತಂದ್ರು. ಹಿಂದಿನ ಆಗಸ್ಟ್‌ನಲ್ಲಿ ವೋಟಿಂಗ್ ಆಗಿದ್ದು ನೂರಕ್ಕೆ 8. ಇಷ್ಟು ಕಮ್ಮಿ ಜನ ಬರೋ ಎಲೆಕ್ಷನ್‌ಗೆ ದುಡ್ಡು ದಂಡ ಅಂತ ಅದೇ ಶಾಸಕರು ಕೆಲವೇ ತಿಂಗಳ ಹಿಂದೆ ಆಗಸ್ಟ್ ಎಲೆಕ್ಷನ್‌ಗಳನ್ನ ಬಹುಪಾಲು ರದ್ದು ಮಾಡೋ ಕಾನೂನು ಮಾಡಿದ್ರು. ಅಲ್ಲಿನ ಸೆಕ್ರೆಟರಿ ಆಫ್ ಸ್ಟೇಟ್ ಫ್ರ್ಯಾಂಕ್ ಲರೋಸ್ ಒಂದು ಸಭೆಯಲ್ಲಿ ಇದು ನೂರಕ್ಕೆ ನೂರು ಗರ್ಭಪಾತದ ತಿದ್ದುಪಡಿನ ತಡೆಯೋಕೇ ಅಂತ ಹೇಳಿದ್ದೂ ಆಮೇಲೆ ಹೊರಗೆ ಬಂತು.

ಅವತ್ತು ಅವಳು ಆಫೀಸ್ ಮುಗಿಸಿ ಹೋಗಿ ವೋಟ್ ಹಾಕಿ ಬಂದು ನನಗೆ ಫೋನ್ ಮಾಡಿದ್ಲು, ನಮಗಿಲ್ಲಿ ಬೆಳಗಿನ ಜಾವ. "ಅಕ್ಕಾ, ಮತಪತ್ರದಲ್ಲಿ ಅಬಾರ್ಷನ್ ಅನ್ನೋ ಪದಾನೇ ಇಲ್ಲ ಕಣೇ, 60 ಪರ್ಸೆಂಟು, 88 ಕೌಂಟಿಯ ಸಹಿ ಅಂತೆಲ್ಲ ಬರ್ದಿದಾರೆ, ನಾನು ಎರಡು ಸಲ ಓದ್ದೆ, ನೋ ಅಂತ ಹಾಕ್ಬೇಕು ಅಂತ ಪಕ್ಕದ ಮನೆ ಆಂಟಿ ಚೀಟಿ ಬರ್ಕೊಟ್ಟಿದ್ರು ಅದಕ್ಕೆ ಉಳ್ಕೊಂಡೆ" ಅಂದ್ಲು. ಆ ಆಂಟಿಗೆ ಎಪ್ಪತ್ತರ ಮೇಲಾಗಿದೆ ಅಂತೆ, ರೋ ತೀರ್ಪಿಗಿಂತ ಮುಂಚಿನ ದಿನಗಳನ್ನ ನೋಡಿದವರು. ಅವತ್ತು 30 ಲಕ್ಷಕ್ಕೂ ಹೆಚ್ಚು ಜನ ವೋಟ್ ಹಾಕಿದ್ರು, 57 ಪರ್ಸೆಂಟ್ ಬೇಡ ಅಂದ್ರು. ನವೆಂಬರ್‌ನಲ್ಲಿ ಮತ್ತೆ ಕ್ಯೂ, ಇನ್ನೊಂದು ಪ್ರಶ್ನೆ, ಆಗಸ್ಟ್‌ನದಕ್ಕಿದ್ದ ಇಶ್ಯೂ ಒನ್ ಅನ್ನೋ ಹೆಸರೇ ಇದಕ್ಕೂ, ಈ ಸಲ ಯೆಸ್ ಅನ್ನಬೇಕು. ಮತಪತ್ರದ ವಿವರಣೆಯಲ್ಲಿ ಭ್ರೂಣ ಅನ್ನೋ ಪದದ ಬದಲು ಹುಟ್ಟದ ಮಗು ಅಂತ ಅಧಿಕಾರಿಗಳ ಮಂಡಳಿ ಬರೆಸಿತ್ತು. ಆದ್ರೂ 56.8 ಪರ್ಸೆಂಟ್ ಹೌದು ಅಂತ ಬಂತು.

ಈ 56.8ನ ಒಂದು ನಿಮಿಷ ನೋಡಿ. ಆಗಸ್ಟ್‌ನಲ್ಲಿ ಜನ ಬರದೇ ಹೋಗಿದ್ರೆ 60ರ ಗೆರೆ ಪಾಸಾಗಿರ್ತಿತ್ತು, ನವೆಂಬರ್‌ನಲ್ಲಿ ಇದೇ 56.8 ಸೋತಿರ್ತಿತ್ತು. ಇದು ಊಹೆ ಅಲ್ಲ, ಫ್ಲೋರಿಡಾದಲ್ಲಿ ಹಾಗೇ ಆಯ್ತು. ಅಲ್ಲಿ 60 ಪರ್ಸೆಂಟ್ ನಿಯಮ ಮೊದಲಿಂದಲೇ ಇದೆ, 2024ರ ನವೆಂಬರ್‌ನಲ್ಲಿ ಗರ್ಭಪಾತದ ಹಕ್ಕಿಗೆ 57 ಪರ್ಸೆಂಟ್ ಜನ ಹೌದು ಅಂದ್ರು, ಅಂದ್ರೆ ಅದೇ ಚುನಾವಣೆಲಿ ಅದೇ ರಾಜ್ಯದಲ್ಲಿ ಟ್ರಂಪ್‌ಗೆ ಬಿದ್ದ 56ಕ್ಕಿಂತ ಸ್ವಲ್ಪ ಜಾಸ್ತಿನೇ, ಆದ್ರೂ ಸೋಲು, ಆರು ವಾರದ ಕಾನೂನು ಹಾಗೇ ಉಳೀತು. ಎರಡೂ ಕಡೆ ಹತ್ತಿರಹತ್ತಿರ 57, ಒಂದು ಕಡೆ ಹಕ್ಕು, ಇನ್ನೊಂದು ಕಡೆ ನಿಷೇಧ. ಎಷ್ಟು ಜನ ಬಂದ್ರು ಅನ್ನೋದು ಎಷ್ಟು ಮುಖ್ಯಾನೋ ಗೆರೆ ಎಲ್ಲಿ ಎಳೆದಿದಾರೆ ಅನ್ನೋದೂ ಅಷ್ಟೇ ಮುಖ್ಯ, ಈ ಗೆರೆ ಎಳೆಯೋರು ಯಾರು ಅನ್ನೋದು ಅದಕ್ಕಿಂತ ಮುಖ್ಯ.

ಈಗ ಇನ್ನರ್ಧಕ್ಕೆ ಬರ್ತೀನಿ. ಪ್ರಶ್ನೆ ನೇರವಾಗಿ ಕೇಳಿದಾಗ ಜನ ಹೀಗೆ ಉತ್ತರ ಕೊಟ್ರು, ಆದ್ರೆ ಅಭ್ಯರ್ಥಿಗಳಿಗೆ ವೋಟ್ ಹಾಕೋವಾಗ? ನಿಷೇಧದ ಕಾನೂನಿಗೆ ಸಹಿ ಹಾಕಿದ್ದ ಟೆಕ್ಸಾಸ್‌ನ ಗ್ರೆಗ್ ಅಬಾಟ್, ಜಾರ್ಜಿಯಾದ ಬ್ರಯಾನ್ ಕೆಂಪ್, ಫ್ಲೋರಿಡಾದ ರಾನ್ ಡಿಸ್ಯಾಂಟಿಸ್, ಈ ಮೂವರು ಗವರ್ನರ್‌ಗಳೂ (ಅಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) 2022ರ ನವೆಂಬರ್‌ನಲ್ಲಿ ಆರಾಮಾಗಿ ಗೆದ್ರು. ಕ್ಯಾನ್ಸಸ್‌ನಲ್ಲೇ ನೋಡಿ, ಆಗಸ್ಟ್‌ನಲ್ಲಿ ತಿದ್ದುಪಡಿನ ಸೋಲಿಸಿದ ಜನ ಮೂರು ತಿಂಗಳಾದ್ಮೇಲೆ ಗವರ್ನರ್ ಆಗಿ ಡೆಮಾಕ್ರಾಟ್ ಲಾರಾ ಕೆಲ್ಲಿನ ಕೂದಲೆಳೆ ಅಂತರದಲ್ಲಿ ಉಳಿಸ್ಕೊಂಡ್ರು, ಆದ್ರೆ ಅಟಾರ್ನಿ ಜನರಲ್ ಆಗಿ ಗರ್ಭಪಾತದ ಕಟ್ಟಾ ವಿರೋಧಿ ಕ್ರಿಸ್ ಕೋಬಾಕ್‌ನ ಆರಿಸಿದ್ರು, ವಿಧಾನಸಭೆಲೂ ರಿಪಬ್ಲಿಕನ್ನರಿಗೇ ಭಾರೀ ಬಹುಮತ. ಪ್ಯೂ ರಿಸರ್ಚ್ ಸೆಂಟರ್ ವೋಟರ್ ದಾಖಲೆ ತಾಳೆ ಹಾಕಿ ನೋಡಿದಾಗ 2020ರಲ್ಲಿ ಟ್ರಂಪ್‌ಗೆ ಹಾಕಿದವರಲ್ಲಿ 71 ಪರ್ಸೆಂಟ್ ಜನ 2022ರಲ್ಲೂ ಬಂದಿದ್ರು, ಬೈಡನ್‌ಗೆ ಹಾಕಿದವರಲ್ಲಿ 67. ಅಂದ್ರೆ ಗರ್ಭಪಾತದ ಸಿಟ್ಟಿಂದ ಡೆಮಾಕ್ರಾಟರು ಮಾತ್ರ ಗುಂಪುಗುಂಪಾಗಿ ಬಂದ್ರು, ಇನ್ನೊಂದು ಕಡೆಯವರು ಮನೇಲಿ ಕೂತ್ರು ಅನ್ನೋದು ದೇಶದ ಮಟ್ಟದಲ್ಲಿ ನಿಜ ಅಲ್ಲ. ಅಧ್ಯಕ್ಷರ ಅವಧಿಯ ಮಧ್ಯದಲ್ಲಿ ಬರೋ ಇಂಥ ಚುನಾವಣೆಲಿ ಅವರ ಪಕ್ಷ ಸಾಮಾನ್ಯವಾಗಿ ಸೋಲೋ ಅಷ್ಟು ಡೆಮಾಕ್ರಾಟರು ಸೋಲಲಿಲ್ಲ, ಸಂಸತ್ತಿನ ಕೆಳಮನೆ ಹೌಸ್‌ನಲ್ಲಿ ರಿಪಬ್ಲಿಕನ್ನರ 222ಕ್ಕೆ ಇವರದು 213, ಮೇಲ್ಮನೆ ಸೆನೆಟ್ ಉಳಿಸ್ಕೊಂಡ್ರು, ಇದು ಹೌದು. ಎಕ್ಸಿಟ್ ಪೋಲ್‌ನಲ್ಲಿ ಬೆಲೆಯೇರಿಕೆ ಮುಖ್ಯ ಅಂದವರು 31 ಪರ್ಸೆಂಟ್ ಇದ್ರೆ ಗರ್ಭಪಾತ ಅಂದವರು 27 ಇದ್ರು.

ಪ್ರಶ್ನೆನೂ ಅಭ್ಯರ್ಥಿನೂ ಒಂದೇ ಗೆರೆಯಲ್ಲಿ ಬಂದ ಕಡೆ ಮಾತ್ರ ಪಕ್ಷಕ್ಕೆ ನೇರ ಲಾಭ ಆಯ್ತು. ಮಿಶಿಗನ್ ಇದಕ್ಕೆ ಒಳ್ಳೇ ಉದಾಹರಣೆ. ಅಲ್ಲಿ 1931ರ ಹಳೇ ನಿಷೇಧ ಮತ್ತೆ ಜೀವ ಪಡೆಯೋ ಭಯ ಇತ್ತು, ಹಕ್ಕಿನ ಪರ ಸಹಿ ಹಾಕಿದವರು 7 ಲಕ್ಷ 50 ಸಾವಿರಕ್ಕೂ ಮೇಲೆ, ಅದನ್ನ ಪರಿಶೀಲಿಸೋ ಮಂಡಳಿಯಲ್ಲಿ ಅರ್ಜಿಯ ಪದಗಳ ಮಧ್ಯೆ ಜಾಗ ಸರಿಯಾಗಿಲ್ಲ ಅನ್ನೋ ತಕರಾರಿಗೆ 2-2 ಆಗಿ ನಿಂತೋಯ್ತು, ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿ ಮತಪತ್ರಕ್ಕೆ ಬಂತು. ಗವರ್ನರ್ ಗ್ರೆಚೆನ್ ವಿಟ್ಮರ್ ಪ್ರಚಾರದ ತುಂಬಾ ಇದೇ ಮಾತಾಡಿದ್ರು, ಎದುರಾಳಿ ನಿಷೇಧದ ಪರ. ಹಕ್ಕು 57 ಪರ್ಸೆಂಟ್‌ನಲ್ಲಿ ಗೆದ್ತು, ವಿಟ್ಮರ್ 10 ಪಾಯಿಂಟ್‌ಗೂ ಹೆಚ್ಚು ಅಂತರದಲ್ಲಿ ಗೆದ್ರು, ಸುಮಾರು 40 ವರ್ಷದಲ್ಲಿ ಮೊದಲ ಸಲ ಎರಡೂ ಸದನ ಡೆಮಾಕ್ರಾಟರ ಕೈಗೆ. 2023ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್‌ನಲ್ಲಿ ಸುಪ್ರೀಂ ಕೋರ್ಟಿನ ಒಂದು ಸೀಟಿಗೆ ಚುನಾವಣೆ ಆದಾಗಲೂ ಹೀಗೇ, ಗೆದ್ದವರು ಗರ್ಭಪಾತ ನಿಷೇಧದ 1849ರ ಕಾನೂನು ಇರಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು, ಜಾನೆಟ್ ಪ್ರೊಟಸೇವಿಚ್ 11 ಪಾಯಿಂಟ್‌ನಲ್ಲಿ ಗೆದ್ರು. 2025ರ ಜುಲೈನಲ್ಲಿ ಆ ಕೋರ್ಟ್ 4-3ರಲ್ಲಿ ಆ ಕಾನೂನು ಊರ್ಜಿತ ಅಲ್ಲ ಅಂತು. ಜಡ್ಜ್ ಎಲೆಕ್ಷನ್‌ಗೆ ಜನ ಸಾಲು ನಿಲ್ಲೋದು ಅಂದ್ರೆ ನಮಗೆ ಇಲ್ಲಿ ಕೂತು ಊಹೆ ಮಾಡೋಕೂ ಕಷ್ಟ.

2024ಕ್ಕೆ ಬಂದಾಗ ಚಿತ್ರ ಇನ್ನೂ ಸ್ಪಷ್ಟ ಆಯ್ತು, ಡೆಮಾಕ್ರಾಟರಿಗೆ ಇಷ್ಟ ಆಗೋ ರೀತಿಯಲ್ಲಲ್ಲ. ಹತ್ತು ರಾಜ್ಯಗಳಲ್ಲಿ ಈ ಪ್ರಶ್ನೆ ಮತಪತ್ರದಲ್ಲಿತ್ತು, ಏಳರಲ್ಲಿ ಹಕ್ಕು ಗೆದ್ತು, ಫ್ಲೋರಿಡಾ, ಸೌತ್ ಡಕೋಟಾ, ನೆಬ್ರಾಸ್ಕಾದಲ್ಲಿ ಸೋಲ್ತು. ಗೆದ್ದ ಏಳರಲ್ಲಿ ಅರಿಜೋನಾ, ನೆವಾಡಾ, ಮಿಸೌರಿ, ಮೊಂಟಾನಾ ನಾಲ್ಕರಲ್ಲೂ ಅದೇ ದಿನ ಟ್ರಂಪ್ ಗೆದ್ರು. ರೋ ತೀರ್ಪನ್ನ ತೆಗೆದ ಕೋರ್ಟಿಗೆ ಮೂರು ಜಡ್ಜ್‌ಗಳನ್ನ ಕಳಿಸಿದ ಅದೇ ಟ್ರಂಪ್! ಮೊಂಟಾನಾದಲ್ಲಿ ಹಕ್ಕಿಗೆ 57 ಪರ್ಸೆಂಟ್‌ಗೂ ಮೇಲೆ ವೋಟ್ ಬಿತ್ತು, ಅದರ ಪರ ಇದ್ದ ಡೆಮಾಕ್ರಾಟ್ ಸೆನೆಟರ್ ಜಾನ್ ಟೆಸ್ಟರ್ ಸೋತ್ರು, ಒಹಾಯೊದಲ್ಲಿ ಹಿಂದಿನ ವರ್ಷ ಹೌದು ಅಂದಿದ್ದ ಜನಾನೇ ಅಲ್ಲಿನ ಡೆಮಾಕ್ರಾಟ್ ಸೆನೆಟರ್ ಶೆರಾಡ್ ಬ್ರೌನ್‌ರನ್ನ ಮನೆಗೆ ಕಳಿಸಿದ್ರು.

ಯಾಕೆ ಹೀಗೆ? ಮತಪತ್ರದಲ್ಲಿ ಎರಡೂ ಬೇರೆಬೇರೆ ಸಾಲಲ್ಲಿದ್ರೆ ವೋಟರ್‌ಗೆ ಎರಡನ್ನೂ ಸೇರಿಸಿ ನೋಡೋ ಅಗತ್ಯಾನೇ ಬೀಳಲ್ಲ. ಹಕ್ಕು ಬೇಕು, ಅದಕ್ಕೊಂದು ಗುರುತು, ದಿನಸಿ ಬೆಲೆ ಇಳೀಬೇಕು, ಅದಕ್ಕೊಂದು ಗುರುತು. ರಾಜ್ಯದ ಸಂವಿಧಾನದಲ್ಲಿ ಹಕ್ಕು ಭದ್ರ ಆಯ್ತಲ್ಲ, ಇನ್ನು ಪ್ರೆಸಿಡೆಂಟ್ ಯಾರಾದ್ರೂ ಆಗಲಿ ಅನ್ನೋ ನಿರಾಳ. ಟ್ರಂಪ್ ಕೂಡ ಇದು ರಾಜ್ಯಗಳಿಗೆ ಬಿಟ್ಟಿದ್ದು ಅಂತ 2024ರ ಏಪ್ರಿಲ್‌ನಲ್ಲೇ ಹೇಳಿ ಆ ನಿರಾಳಕ್ಕೆ ಜಾಗ ಮಾಡ್ಕೊಟ್ಟಿದ್ರು. ಇನ್ನೊಂದು ಸರಳ ಕಾರಣ, ಅಧ್ಯಕ್ಷರ ಚುನಾವಣೆಗೆ ಹೇಗಿದ್ರೂ ಅರ್ಹರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಜನ ಬಂದೇ ಬರ್ತಾರೆ, ತುಂಬಿದ ಬಸ್ಸಿಗೆ ಇನ್ನೆಷ್ಟು ಜನ ಹತ್ತೋಕಾಗುತ್ತೆ? ಆಗಸ್ಟ್‌ನ ಖಾಲಿ ಬಸ್ಸಲ್ಲಿ ನಾಲ್ಕು ಜನ ಹೆಚ್ಚು ಹತ್ತಿದ್ರೂ ಎದ್ದು ಕಾಣುತ್ತೆ. ಹಾಗಾಗಿ ಗರ್ಭಪಾತದ ಕಾನೂನು ಮತದಾನನ ಏರಿಸುತ್ತಾ ಅಂತ ಕೇಳೋರಿಗೆ ನನ್ನ ಉತ್ತರ, ಯಾವ ತಿಂಗಳಲ್ಲಿ, ಯಾವ ಪ್ರಶ್ನೆಗೆ ಅಂತ ಮೊದಲು ಹೇಳಿ.

ನನಗೆ ನಿಜವಾಗಿ ಸಂಕಟ ಆಗೋದು ಪ್ರಶ್ನೆ ಕೇಳೋಕೇ ಅವಕಾಶ ಇಲ್ಲದ ರಾಜ್ಯಗಳ ಬಗ್ಗೆ. ಅಲಿಟೊ ಅವರು ಉದಾಹರಣೆ ಕೊಟ್ಟ ಮಿಸಿಸಿಪ್ಪಿನೇ ತಗೊಳ್ಳಿ, ಡಾಬ್ಸ್ ಕೇಸ್ ಹುಟ್ಟಿದ್ದೂ ಅಲ್ಲೇ. 2011ರಲ್ಲಿ ಅಲ್ಲಿ ಗರ್ಭ ನಿಂತ ಕ್ಷಣದಿಂದಲೇ ಅದು ಒಬ್ಬ ವ್ಯಕ್ತಿ ಅನ್ನೋ ಪ್ರಸ್ತಾಪ ಮತಕ್ಕೆ ಬಂದಾಗ ಆ ಕಟ್ಟಾ ಸಂಪ್ರದಾಯಸ್ಥ ರಾಜ್ಯದ ಜನಾನೇ 58 ಪರ್ಸೆಂಟ್ ಬೇಡ ಅಂದಿದ್ರು. 2021ರಲ್ಲಿ ಬೇರೆ ಒಂದು ಕೇಸಲ್ಲಿ, ವೈದ್ಯಕೀಯ ಗಾಂಜಾ ಬಗ್ಗೆ, ರಾಜ್ಯದ ಸುಪ್ರೀಂ ಕೋರ್ಟ್ ಜನರೇ ಪ್ರಸ್ತಾಪ ತರೋ ಆ ಇಡೀ ದಾರಿನೇ ಮುಚ್ಚಿಹಾಕ್ತು. ಮರು ವರ್ಷ ದೊಡ್ಡ ಕೋರ್ಟ್ ಮತಪೆಟ್ಟಿಗೆಗೆ ಹೋಗಿ ಅಂತು. ಯಾವ ಪೆಟ್ಟಿಗೆ? ಟೆಕ್ಸಾಸ್, ಜಾರ್ಜಿಯಾ, ಅಲಬಾಮಾ, ಟೆನೆಸ್ಸೀ, ಯಾವುದರಲ್ಲೂ ಜನ ಸಹಿ ಹಾಕಿ ಇಂಥ ತಿದ್ದುಪಡಿ ತರೋ ದಾರಿ ಇಲ್ಲ. ಅಲ್ಲಿ 55 ಪರ್ಸೆಂಟ್ ಅಲ್ಲ 60 ಪರ್ಸೆಂಟ್ ಹೆಂಗಸರು ವೋಟ್ ಹಾಕಿದ್ರೂ ಅದು ಯಾವುದೋ ಅಭ್ಯರ್ಥಿಯ ಹೆಸರಿನ ಮುಂದೆ, ಗಡಿ, ತೆರಿಗೆ, ಬಂದೂಕು, ಎಲ್ಲದರ ಜೊತೆ ಕಲಸಿಹೋಗುತ್ತೆ. ಡಲ್ಲಾಸ್ ಸುತ್ತಮುತ್ತ ಎಷ್ಟು ಕನ್ನಡದ ಮನೆಗಳಿವೆ ಅಂತ ನಿಮಗೂ ಗೊತ್ತು, ಎಚ್‌ಒನ್‌ಬಿ ವೀಸಾದಲ್ಲಿ, ಗ್ರೀನ್ ಕಾರ್ಡ್ ಕ್ಯೂನಲ್ಲಿ ವರ್ಷಗಟ್ಟಲೆ ಇರೋ ಹೆಣ್ಮಕ್ಕಳಿಗೆ ಆ ಕಾನೂನು ಪೂರ್ತಿ ಅನ್ವಯ, ವೋಟ್ ಮಾತ್ರ ಇಲ್ಲ. ಅವರ ಬಸಿರಿನ ಬಗ್ಗೆ ತೀರ್ಮಾನ ಮಾಡೋ ಯಾವ ಟರ್ನೌಟ್ ಲೆಕ್ಕದಲ್ಲೂ ಅವರಿಲ್ಲ.

ನಮ್ಮ ಕಡೆಯವಳೊಬ್ಬಳ ಹೆಸರು ಹೇಳದೆ ಈ ವಿಷಯ ಬರೆಯೋಕೆ ನನ್ನಿಂದ ಆಗಲ್ಲ. ಬೆಳಗಾವಿಯ ಸವಿತಾ ಹಾಲಪ್ಪನವರ, ಹಲ್ಲಿನ ಡಾಕ್ಟರ್, 31 ವರ್ಷ, 17 ವಾರದ ಬಸುರಿ, 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಗರ್ಭ ಉಳಿಯಲ್ಲ ಅಂತ ಗೊತ್ತಾದ್ಮೇಲೂ, ತೆಗೆದುಬಿಡಿ ಅಂತ ಕೇಳ್ಕೊಂಡ್ರೂ, ಭ್ರೂಣದ ಎದೆಬಡಿತ ಇದೆ ಅಂತ ತೆಗೀಲಿಲ್ಲ, ನಂಜೇರಿ 28ನೇ ತಾರೀಖು ತೀರ್ಕೊಂಡ್ಲು. 1983ರಲ್ಲಿ ಆ ನಿಷೇಧನ ಐರಿಷ್ ಸಂವಿಧಾನಕ್ಕೆ ಸೇರಿಸಿದಾಗ ವೋಟ್ ಹಾಕೋಕೆ ಬಂದವರು 53.7 ಪರ್ಸೆಂಟ್. 2018ರ ಮೇ 25ಕ್ಕೆ ತೆಗೆಯೋಕೆ ಬಂದವರು 64.1 ಪರ್ಸೆಂಟ್, ಅವರಲ್ಲಿ 66.4 ಹೌದು ಅಂದ್ರು. ಹೊರದೇಶದಲ್ಲಿದ್ದ ಐರಿಷ್ ಹುಡುಗ ಹುಡುಗಿಯರು ಅಂಚೆ ಮತ ಇಲ್ಲ ಅಂತ ವಿಮಾನ ಹತ್ತಿ, ದೋಣಿ ಹತ್ತಿ ಊರಿಗೆ ಬಂದ್ರು. ಸವಿತಾಳ ಅಪ್ಪ ಅಮ್ಮ ಬೆಳಗಾವಿಯಿಂದ ಹೌದು ಅನ್ನಿ ಅಂತ ಕೇಳ್ಕೊಂಡಿದ್ರು. ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಒಂದು ಗೋಡೆ ಮೇಲೆ ಅವಳ ನಗುಮುಖದ ದೊಡ್ಡ ಚಿತ್ರ ಬರೆದಿದ್ರು, ಫಲಿತಾಂಶದ ದಿನ ಜನ ಬಣ್ಣಬಣ್ಣದ ಚೀಟಿಗಳಲ್ಲಿ ಕ್ಷಮಿಸು ಅಂತ ಬರೆದು ಅದರ ಸುತ್ತ ಅಂಟಿಸ್ತಾನೇ ಹೋದ್ರು. ಅಲ್ಲೂ ಇದೇ ಆಗಿದ್ದು, ಅವತ್ತು ಮತಪತ್ರದಲ್ಲಿ ಬೇರೆ ಏನೂ ಇರಲಿಲ್ಲ, ಅದೊಂದೇ ಪ್ರಶ್ನೆ ಇತ್ತು.

ಅಮೆರಿಕದಲ್ಲಿ ಆಟ ಇನ್ನೂ ನಡೀತಿದೆ. ಮಿಸೌರಿಯಲ್ಲಿ 2024ರಲ್ಲಿ 51.6 ಪರ್ಸೆಂಟ್‌ನಲ್ಲಿ ಗೆದ್ದ ಹಕ್ಕನ್ನ ವಾಪಸ್ ತೆಗೆಯೋ ತಿದ್ದುಪಡಿನ ಶಾಸಕರು 2026ರ ನವೆಂಬರ್‌ಗೆ ಮತಕ್ಕೆ ಇಟ್ಟಿದಾರೆ, ಅದರ ಜೊತೆಗೇ ಅಪ್ರಾಪ್ತರ ಲಿಂಗ ಬದಲಾವಣೆ ಚಿಕಿತ್ಸೆ ನಿಷೇಧನೂ ಕಟ್ಟಿದಾರೆ, ಒಂದು ಬೇಕು ಅಂದ್ರೆ ಇನ್ನೊಂದನ್ನೂ ತಗೋಬೇಕು. ಹಿಂದಿನ ಸಲ ಹಕ್ಕು ಉಳಿಸೋಕೆ ಯೆಸ್ ಅಂದವರು ಈ ಸಲ ನೋ ಅನ್ನಬೇಕು. ಕ್ಯಾನ್ಸಸ್‌ನಲ್ಲಿ ಗರ್ಭಪಾತದ ಹಕ್ಕು ನಿಂತಿರೋದೇ ರಾಜ್ಯದ ಸುಪ್ರೀಂ ಕೋರ್ಟಿನ 2019ರ ತೀರ್ಪಿನ ಮೇಲೆ. ಈಗ ಆ ಜಡ್ಜ್‌ಗಳನ್ನ ನೇಮಕದ ಬದಲು ಚುನಾವಣೆಯಿಂದ ಆರಿಸಬೇಕಾ ಅಂತ ಜನರನ್ನ ಕೇಳೋಕೆ ಹೊರಟಿದಾರೆ. ಗರ್ಭಪಾತ ಅನ್ನೋ ಪದ ಆ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ, ತಾರೀಖು ಮತ್ತೆ ಆಗಸ್ಟ್‌ನಲ್ಲೇ, 2026ರ ಆಗಸ್ಟ್ 4.